ಪ್ಲಿಕರ್ಸ್: ಒಂದು ಮೊಬೈಲ್, ನಲವತ್ತು ಕಾರ್ಡ್, ಇಡೀ ತರಗತಿಯ ಉತ್ತರ

"ಅರ್ಥ ಆಯ್ತಾ?" ಎಂದು ಕೇಳಿದರೆ ತರಗತಿ ಒಕ್ಕೊರಲಿನಿಂದ "ಆಯ್ತು ಸಾರ್" ಎನ್ನುತ್ತದೆ. ಪ್ರಶ್ನೆ ಕೇಳಿದರೆ ಕೈ ಎತ್ತುವವರು ಮುಂದಿನ ಬೆಂಚಿನ ಅದೇ ನಾಲ್ಕೈದು ಮಕ್ಕಳು. ಇಂಟರ್ನ್‌ಶಿಪ್‌ಗೆ ಹೋಗುವ ಬಿ.ಎಡ್ ಪ್ರಶಿಕ್ಷಣಾರ್ಥಿಗೆ ಉಳಿದ ಮೂವತ್ತೈದು ಮಕ್ಕಳ ತಲೆಯಲ್ಲಿ ಏನಿದೆ ಎಂದು ತಿಳಿಯುವುದೇ ದೊಡ್ಡ ಕಷ್ಟ. ಅದಕ್ಕೆ ಸಿಗುವ ಆನ್‌ಲೈನ್ ಸಾಧನಗಳಲ್ಲಿ ಮೊದಲು ಕೈಗೆತ್ತಿಕೊಳ್ಳಬೇಕಾದದ್ದು ಪ್ಲಿಕರ್ಸ್. ಕಹೂಟ್ ಎಂಬ ರಸಪ್ರಶ್ನೆ ಆಟ ಆಡಿಸಲು ಪ್ರತಿ ಮಗುವಿಗೆ, ಕನಿಷ್ಠ ಪ್ರತಿ ಗುಂಪಿಗೆ, ಒಂದು ಮೊಬೈಲೋ ಟ್ಯಾಬೋ ಬೇಕು. ಪ್ಲಿಕರ್ಸ್‌ಗೆ ಶಿಕ್ಷಕರ ಒಂದು ಮೊಬೈಲ್ ಸಾಕು. ಮಕ್ಕಳ ಕೈಯಲ್ಲಿ ಇರುವುದು ಬರೀ ಕಾಗದ.

ಆ ಕಾಗದದ ಮೇಲೆ ಕ್ಯೂಆರ್ ಕೋಡ್‌ನಂತೆ ಕಾಣುವ ಕಪ್ಪು ಚಿತ್ರವಿದೆ, ಪ್ರತಿ ಕಾರ್ಡಿಗೂ ಬೇರೆ. ನಾಲ್ಕು ಅಂಚಿನಲ್ಲಿ ಎ, ಬಿ, ಸಿ, ಡಿ ಎಂಬ ಚಿಕ್ಕ ಅಕ್ಷರಗಳು. ಉತ್ತರ ಬಿ ಅನ್ನಿಸಿದರೆ ಮಗು ಬಿ ಮೇಲೆ ಬರುವಂತೆ ಕಾರ್ಡ್ ತಿರುಗಿಸಿ ಹಿಡಿಯುತ್ತದೆ. ಶಿಕ್ಷಕರ ಮೊಬೈಲಿನ ಪ್ಲಿಕರ್ಸ್ ಆ್ಯಪ್ ಕ್ಯಾಮೆರಾದ ಮೂಲಕ ಆ ಚಿತ್ರದಿಂದ ಕಾರ್ಡಿನ ಸಂಖ್ಯೆಯನ್ನೂ, ತಿರುಗಿದ ದಿಕ್ಕಿನಿಂದ ಉತ್ತರವನ್ನೂ ಓದುತ್ತದೆ. ಪಕ್ಕದವನ ಕಾರ್ಡ್ ಬೇರೆ ಚಿತ್ರದ್ದು, ಅಕ್ಷರವೂ ಸಣ್ಣದು. ಹಾಗಾಗಿ ನಕಲು ಸುಲಭವಲ್ಲ. ತಪ್ಪಾದೀತೆಂದು ಕೈ ಎತ್ತಲು ಅಂಜುವ ಮಗುವೂ ಇಲ್ಲಿ ಉತ್ತರ ಕೊಡುತ್ತದೆ. ಈ ಸಾಧನದ ನಿಜವಾದ ಬೆಲೆ ಇದು.

ತಯಾರಿಯಲ್ಲಿ ಮೊದಲ ಕೆಲಸ ಮುದ್ರಣ. 40 ಕಾರ್ಡುಗಳ ಸಾಮಾನ್ಯ ಸೆಟ್ಟಿನಲ್ಲಿ ಹಾಳೆಗೆ ಎರಡರಂತೆ 20 ಎ4 ಹಾಳೆ ಬೇಕು. ದೊಡ್ಡ ತರಗತಿಗೆ 63 ಕಾರ್ಡುಗಳ ಸೆಟ್ಟೂ ಇದೆ. ಜೆರಾಕ್ಸ್ ಅಂಗಡಿಯಲ್ಲಿ ಹೊಳಪಿನ ಲ್ಯಾಮಿನೇಶನ್ ಮಾಡಿಸಬೇಡಿ. ಟ್ಯೂಬ್‌ಲೈಟ್ ಅದರ ಮೇಲೆ ಪ್ರತಿಫಲಿಸಿದ ಕಡೆ ಕಪ್ಪು ಬಿಳಿಯಾಗಿ ಕಾಣುತ್ತದೆ, ಕ್ಯಾಮೆರಾ ಆ ಕಾರ್ಡನ್ನು ಬಿಟ್ಟುಬಿಡುತ್ತದೆ. ತೆಳು ಹಾಳೆ ಬಾಗಿದರೂ ಅದೇ ಗತಿ. ಹಳೆಯ ಲಗ್ನಪತ್ರಿಕೆ ಅಥವಾ ನೋಟ್‌ಬುಕ್ಕಿನ ರಟ್ಟಿಗೆ ಅಂಟಿಸಿದರೆ ಗಟ್ಟಿಯಾಗಿ ನಿಲ್ಲುತ್ತದೆ. ಫೆವಿಕಾಲ್ ಹಾಕಿದರೆ ಕಾಗದ ಸುಕ್ಕಾಗುತ್ತದೆ, ಗ್ಲೂ ಸ್ಟಿಕ್ ಒಳ್ಳೆಯದು. ಕತ್ತರಿಸುವಾಗ ಚಿತ್ರದ ಸುತ್ತ ಬಿಳಿ ಅಂಚು ಬಿಡಬೇಕು.

ಮುಂದೆ ತರಗತಿಯ ಪಟ್ಟಿ. ವೆಬ್‌ಸೈಟಿನಲ್ಲಿ ಖಾತೆ ತೆರೆದು ಹೆಸರು ಸೇರಿಸಿದಾಗ ಕಾರ್ಡ್ ಸಂಖ್ಯೆ ತಾನಾಗಿ ಹಂಚಿಕೆಯಾಗುತ್ತದೆ, ಅದು ಹಾಜರಿ ಪುಸ್ತಕದ ಕ್ರಮಕ್ಕೆ ಹೊಂದಬೇಕೆಂದಿಲ್ಲ. ಕೂತು ಒಮ್ಮೆ ಬದಲಿಸಿ, ಕಾರ್ಡ್ ಸಂಖ್ಯೆಯೂ ಹಾಜರಿ ಸಂಖ್ಯೆಯೂ ಒಂದೇ ಇರುವಂತೆ ಮಾಡಿ. ಆಮೇಲೆ ಯಾರಿಗೂ ಗೊಂದಲವಿರುವುದಿಲ್ಲ. ಮೊದಲ ಹೆಸರಷ್ಟೇ ಸಾಕು. ಪೂರ್ಣ ಹೆಸರು, ಸ್ಯಾಟ್ಸ್ ಸಂಖ್ಯೆ (ಶಿಕ್ಷಣ ಇಲಾಖೆಯ ದಾಖಲೆಯಲ್ಲಿ ಮಗುವಿನ ಗುರುತಿನ ಸಂಖ್ಯೆ), ಫೋಟೊ ಯಾವುದನ್ನೂ ಅಲ್ಲಿ ಹಾಕಬಾರದು. ಹೆಸರನ್ನೂ ಬಿಟ್ಟು ಹಾಜರಿ ಸಂಖ್ಯೆಯನ್ನೇ ಬರೆದರೆ ಇನ್ನೂ ಕ್ಷೇಮ.

ಪ್ರಶ್ನೆಯನ್ನು ಕನ್ನಡದಲ್ಲೇ ಬರೆಯಬಹುದು, ಆದರೆ ಯೂನಿಕೋಡ್ ಆಗಿರಬೇಕು. ಹಳೆಯ ನುಡಿ ಫಾಂಟಿನಲ್ಲಿ ಟೈಪಾದ ಪ್ರಶ್ನೆಪತ್ರಿಕೆಯಿಂದ ನಕಲಿಸಿ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಬರುತ್ತದೆ. ಪರಿವರ್ತಕದಲ್ಲಿ ಬದಲಿಸಿಕೊಳ್ಳಿ, ಇಲ್ಲವೇ ಮೊಬೈಲ್ ಕೀಲಿಮಣೆಯಿಂದ ಹೊಸದಾಗಿ ಬರೆಯಿರಿ. ಆ್ಯಪ್‌ನ ಗುಂಡಿಗಳು ಇಂಗ್ಲಿಷಿನಲ್ಲಿವೆ, ಆದರೆ ಅವನ್ನು ಮುಟ್ಟುವವರು ಶಿಕ್ಷಕರು ಮಾತ್ರ.

ಉಚಿತ ಖಾತೆಯಲ್ಲಿ ಒಂದು ಪ್ರಶ್ನೆ ಸೆಟ್ಟಿಗೆ 5 ಪ್ರಶ್ನೆಗಳ ಮಿತಿ. ಇದನ್ನು ಕೊರತೆ ಎನ್ನುವವರಿದ್ದಾರೆ. ಆದರೆ 40 ನಿಮಿಷದ ಅವಧಿಯಲ್ಲಿ ಐದಕ್ಕಿಂತ ಹೆಚ್ಚು ಕೇಳಿದರೆ ಪಾಠಕ್ಕೆ ಸಮಯ ಉಳಿಯುವುದಿಲ್ಲ. ಎರಡು ಅಥವಾ ಮೂರು ಒಳ್ಳೆಯ ಪ್ರಶ್ನೆ ಧಾರಾಳ. ಒಳ್ಳೆಯದು ಎಂದರೆ ಏನು? ತಪ್ಪು ಆಯ್ಕೆಗಳಲ್ಲಿ ಪ್ರತಿಯೊಂದೂ ಮಕ್ಕಳ ಒಂದೊಂದು ತಪ್ಪು ತಿಳಿವಳಿಕೆಯಿಂದ ಹುಟ್ಟಿರಬೇಕು. 1/2 + 1/3 ಎಷ್ಟು ಎಂಬ ಪ್ರಶ್ನೆ ತೆಗೆದುಕೊಳ್ಳಿ. ಎ: 2/5, ಬಿ: 5/6, ಸಿ: 1/6, ಡಿ: 2/6. ಎ ಹಿಡಿದ ಮಗು ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಿದೆ. ಸಿ ಹಿಡಿದದ್ದು ಗುಣಿಸಿದೆ. ಡಿ ಹಿಡಿದದ್ದು ಲ.ಸಾ.ಅ. ಸರಿಯಾಗಿ ಕಂಡುಹಿಡಿದು ಅಂಶವನ್ನು ಬದಲಿಸಲು ಮರೆತಿದೆ. ಈ ಮೂವರಿಗೂ ಬೇಕಾದ ಪರಿಹಾರ ಬೋಧನೆ ಬೇರೆ ಬೇರೆ, ಮತ್ತು ಅದು ಅದೇ ಅವಧಿಯಲ್ಲಿ ಗೊತ್ತಾಗುತ್ತದೆ. ವಿಜ್ಞಾನದಲ್ಲಿ "ಸಸ್ಯಗಳು ಯಾವಾಗ ಉಸಿರಾಡುತ್ತವೆ?" ಎಂದು ಕೇಳಿ ಹಗಲು ಮಾತ್ರ, ರಾತ್ರಿ ಮಾತ್ರ, ಹಗಲು ರಾತ್ರಿ ಎರಡೂ, ಉಸಿರಾಡುವುದೇ ಇಲ್ಲ ಎಂಬ ಆಯ್ಕೆ ಕೊಟ್ಟು ನೋಡಿ. ಸುಮ್ಮನೆ ನಾಲ್ಕನೆಯದೊಂದು ಇರಲಿ ಎಂದು ತುಂಬಿಸಿದ ಆಯ್ಕೆ ವ್ಯರ್ಥ.

ತರಗತಿಯಲ್ಲಿ ಪ್ರೊಜೆಕ್ಟರ್ ಇದ್ದರೆ ಲ್ಯಾಪ್‌ಟಾಪಿನಲ್ಲಿ ಪ್ರಶ್ನೆ ತೋರಿಸಿ ಮೊಬೈಲಿನಿಂದ ನಡೆಸಬಹುದು. ಇಲ್ಲದಿದ್ದರೆ ಕಪ್ಪುಹಲಗೆಯೇ ಸಾಕು: ಪ್ರಶ್ನೆ, ಆಯ್ಕೆಗಳನ್ನು ಬರೆದು ಯೋಚಿಸಲು ಒಂದು ನಿಮಿಷ ಕೊಟ್ಟು "ಕಾರ್ಡ್ ಮೇಲೆ" ಎನ್ನಿ. ಮೊಬೈಲನ್ನು ಎದೆಮಟ್ಟಕ್ಕಿಂತ ಮೇಲೆ ಹಿಡಿದು ಎಡದಿಂದ ಬಲಕ್ಕೆ ನಿಧಾನವಾಗಿ ತಿರುಗಿಸಿ. ಕೆಲವು ಕಾರ್ಡ್ ಓದದಿದ್ದರೆ ಆ್ಯಪ್ ಅನ್ನು ದೂರುವ ಮುನ್ನ ಮೂರು ಕಡೆ ನೋಡಿ. ಕಪ್ಪು ಭಾಗದ ಮೇಲೆ ಬೆರಳು ಇದೆಯೇ (ಹೆಚ್ಚಾಗಿ ಇದೇ ಕಾರಣ), ಮುಂದಿನ ಮಗುವಿನ ತಲೆ ಅಡ್ಡ ಬಂದಿದೆಯೇ, ಮಕ್ಕಳ ಬೆನ್ನ ಹಿಂದೆ ಕಿಟಕಿ ಇದೆಯೇ. ಹಿಂದಿನಿಂದ ಬಿಸಿಲು ಬಿದ್ದರೆ ಕಾರ್ಡಿನ ಮುಖ ಕತ್ತಲಾಗುತ್ತದೆ. ಪಕ್ಕದಿಂದ ನಡೆದುಹೋಗುತ್ತಾ ಸ್ಕ್ಯಾನ್ ಮಾಡಿದರೆ ಸರಿಯಾಗುತ್ತದೆ. ಇಂಟರ್ನೆಟ್ ಬೇಕು. ನೆಟ್‌ವರ್ಕ್ ಕುಂಟುವ ಊರಿನ ಶಾಲೆಗೆ ಮೌಲ್ಯಮಾಪಕರು ಬರುವ ದಿನ ಇದನ್ನೊಂದನ್ನೇ ನಂಬಿ ಪಾಠ ಯೋಜನೆ ಬರೆಯಬೇಡಿ.

ಫಲಿತಾಂಶ ಬಂದ ಮೇಲೆ ತಕ್ಷಣ ಸರಿಯುತ್ತರ ಹೇಳಿಬಿಡುವುದು ಎಲ್ಲರೂ ಮಾಡುವ ತಪ್ಪು. ಹಾರ್ವರ್ಡ್‌ನ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಝೂರ್ ರೂಢಿಗೆ ತಂದ ಕ್ರಮ ಇಲ್ಲಿ ಚೆನ್ನಾಗಿ ಹೊಂದುತ್ತದೆ: ಸರಿಯುತ್ತರ ಕೊಟ್ಟವರು ಸುಮಾರು ಶೇ. 30ರಿಂದ 70ರ ನಡುವೆ ಇದ್ದರೆ, ಪಕ್ಕದವರ ಜೊತೆ ಎರಡು ನಿಮಿಷ ಚರ್ಚಿಸಲು ಬಿಟ್ಟು ಅದೇ ಪ್ರಶ್ನೆಯನ್ನು ಮತ್ತೆ ಕೇಳಿ. ಅದಕ್ಕಿಂತ ಕಡಿಮೆ ಇದ್ದರೆ ಪಾಠವನ್ನೇ ಬೇರೆ ರೀತಿಯಲ್ಲಿ ಮತ್ತೆ ಮಾಡಬೇಕು. ಈ ಅಂಕಗಳನ್ನು ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ದಾಖಲೆಗೆ ಸೇರಿಸುವ ಆಸೆ ಬೇಡ. ಅಂಕ ಸಿಗುತ್ತದೆ ಎಂದಾದ ಕೂಡಲೇ ಮಕ್ಕಳು ತಮ್ಮ ಯೋಚನೆ ಬಿಟ್ಟು ಜಾಣ ಹುಡುಗಿಯ ಕಾರ್ಡ್ ತಿರುಗುವ ಕಡೆ ನೋಡುತ್ತಾರೆ.

2015ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಕ್ವಿಜಿಜ್, ಈಗಿನ ಹೆಸರಿನಲ್ಲಿ ವೇಗ್ರೌಂಡ್, ಇಂಥದೇ ಕಾಗದದ ವಿಧಾನ ಕೊಡುತ್ತದೆ. ಬೇರೆಯವರು ಮಾಡಿಟ್ಟ ಪ್ರಶ್ನೆಗಳ ದೊಡ್ಡ ಭಂಡಾರ ಅದರ ಲಾಭ. ಆದರೆ ಪರದೆಯ ತುಂಬ ಆಯ್ಕೆಗಳಿದ್ದು ಹೊಸಬರಿಗೆ ದಾರಿ ತಪ್ಪುತ್ತದೆ. ಕಲಿಯುವವರಿಗೆ ಪ್ಲಿಕರ್ಸ್‌ನ ಸರಳತೆಯೇ ಮೇಲು.

ಕಾರ್ಡ್ ಹಂಚಿ ಮರಳಿ ಪಡೆಯಲು ಮೊದಲ ದಿನ ಐದು ನಿಮಿಷ ಹೋದೀತು. ಸಾಲಿಗೊಂದು ಕಟ್ಟು ಮಾಡಿ ರಬ್ಬರ್ ಹಾಕಿಟ್ಟರೆ ಬೇಗ ಆಗುತ್ತದೆ. ಕಾರ್ಡುಗಳಿಗೂ ನಿಮ್ಮ ಖಾತೆಗೂ ಗಂಟಿಲ್ಲ. ಇಂಟರ್ನ್‌ಶಿಪ್ ಮುಗಿಸಿ ಬರುವಾಗ ಆ ಕಟ್ಟನ್ನು ಶಾಲೆಗೇ ಕೊಟ್ಟು ಬಂದರೆ ಅಲ್ಲಿನ ಯಾವ ಶಿಕ್ಷಕರಾದರೂ ತಮ್ಮ ಖಾತೆಯಿಂದ ಅದನ್ನೇ ಬಳಸಬಹುದು.