ಕೊಡಗಿನ ಮಳೆಗೆ ಯಾವ ಬ್ರೇಕಿನ ಬೈಕ್ ಒಳ್ಳೆಯದು?

ಹೊಸ ಬೈಕ್ ಕೊಳ್ಳುವವರು ಮೈಲೇಜ್ ಕೇಳುತ್ತಾರೆ, ಬಣ್ಣ ಕೇಳುತ್ತಾರೆ. ಬ್ರೇಕ್ ಯಾವುದು ಅಂತ ಕೇಳುವವರು ಕಡಿಮೆ. ಕೊಡಗಿನಲ್ಲಿ ಮೊದಲು ನೋಡಬೇಕಾದ್ದೇ ಅದು ಅಲ್ವಾ?

2019ರ ಏಪ್ರಿಲ್‌ನಲ್ಲಿ ಬಂದ ನಿಯಮದ ಪ್ರಕಾರ 125 ಸಿಸಿಗಿಂತ ದೊಡ್ಡ ಬೈಕಿಗೆ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗಿ, ಅಂದರೆ ತಿರುಗದೆ ನಿಂತು ಜಾರದಂತೆ ನೋಡಿಕೊಳ್ಳುವ ವ್ಯವಸ್ಥೆ) ಬೇಕೇ ಬೇಕು. ಚಿಕ್ಕವಕ್ಕೆ ಆ ನಿಯಮದಲ್ಲಿ ಸಿಬಿಎಸ್ (ಎರಡೂ ಬ್ರೇಕ್ ಒಟ್ಟಿಗೆ ಹಿಡಿಯುವ ವ್ಯವಸ್ಥೆ) ಇದ್ದರೂ ನಡೆಯುತ್ತಿತ್ತು.

ಸಿಬಿಎಸ್‌ನಲ್ಲಿ ಹಿಂದಿನ ಬ್ರೇಕ್ ಒತ್ತಿದರೆ ಮುಂದಿನದೂ ಸ್ವಲ್ಪ ಹಿಡಿಯುತ್ತದೆ. ಕುಶಾಲನಗರದ ಪೇಟೆಯೊಳಗೆ ಓಡಾಡಲು ಸಾಕು. ಆದರೆ ಚಕ್ರ ಲಾಕ್ ಆಗುವುದನ್ನು ಅದು ತಡೆಯುವುದಿಲ್ಲ. ಎಬಿಎಸ್ ತಡೆಯುತ್ತದೆ. ಸೆಕೆಂಡಿಗೆ ಹಲವು ಸಲ ಬ್ರೇಕ್ ಹಿಡಿಯುತ್ತದೆ, ಸಡಿಲಿಸುತ್ತದೆ. ಆಗ ಲಿವರ್ ಬೆರಳಿಗೆ ನಡುಗಿದಂತೆ ಆಗುತ್ತದೆ. ಹೆದರಿ ಬ್ರೇಕ್ ಬಿಡಬೇಡಿ.

ಸಿಂಗಲ್ ಚಾನೆಲ್ ಎಬಿಎಸ್ ಮುಂದಿನ ಚಕ್ರಕ್ಕೆ ಮಾತ್ರ. ನನ್ನ ಬೈಕ್ ಅದೇ. ಒಂದು ಜುಲೈನಲ್ಲಿ ಸಂಪಾಜೆ ಘಾಟಿ ಇಳಿಯುತ್ತಿದ್ದೆ. ಎದುರಿನಿಂದ ಒಬ್ಬ ತಿರುವಿನಲ್ಲೇ ಬಸ್ಸನ್ನು ಓವರ್‌ಟೇಕ್ ಮಾಡುತ್ತಾ ನನ್ನ ಸೈಡಿಗೆ ನುಗ್ಗಿದ. ಗಾಬರಿಯಲ್ಲಿ ಹಿಂದಿನ ಬ್ರೇಕ್ ತುಳಿದೆ. ಒದ್ದೆ ಎಲೆಗಳ ಮೇಲೆ ಹಿಂದಿನ ಚಕ್ರ ಜಾರಿ, ಬೈಕ್ ಚರಂಡಿ ಕಡೆ ತಿರುಗಿತು. ಮೊಣಕಾಲಿಗೆ ನಾಲ್ಕು ಹೊಲಿಗೆ ಬಿತ್ತು. ಅವನು ನಿಲ್ಲಿಸಲೂ ಇಲ್ಲ. ಇವತ್ತಿಗೂ ಅದು ನೆನಪಾದರೆ ಸಿಟ್ಟು ಬರುತ್ತದೆ.

ಡ್ಯುಯಲ್ ಚಾನೆಲ್ ಎರಡೂ ಚಕ್ರ ಕಾಯುತ್ತದೆ. ದುಡ್ಡು ಜಾಸ್ತಿ, ನಿಜ. ದಿನಾ ಘಾಟಿ ಹತ್ತಿಳಿಯುವವರು, ವಿರಾಜಪೇಟೆಯಿಂದ ಮಾಕುಟ್ಟ ಕಡೆ ಹೋಗುವವರು ಇದನ್ನೇ ತೆಗೆದುಕೊಳ್ಳಿ. ಸೈಲೆನ್ಸರ್ ಬದಲಾಯಿಸಲು ಇಟ್ಟ ದುಡ್ಡನ್ನು ಇಲ್ಲಿ ಹಾಕಿ. ಷೋರೂಮಿನಲ್ಲಿ ಸುಮ್ನೆ "ಎಬಿಎಸ್ ಇದೆ" ಅಂದರೆ ಒಪ್ಪಬೇಡಿ. ಒಂದು ಚಕ್ರಕ್ಕಾ, ಎರಡಕ್ಕಾ ಅಂತ ಬಾಯಿಬಿಟ್ಟು ಕೇಳಿ.