ಟಿ480 ಬಿಚ್ಚುವ ಮುನ್ನ: ಒಳಗೆ ಇನ್ನೊಂದು ಬ್ಯಾಟರಿ ಇದೆ

ಸೆಕೆಂಡ್ ಹ್ಯಾಂಡ್ ಥಿಂಕ್‌ಪ್ಯಾಡ್ ಟಿ480 ಲ್ಯಾಪ್‌ಟಾಪ್ ಕೊಂಡು ಮನೆಯಲ್ಲೇ ರ‍್ಯಾಮ್, ಎಸ್‌ಎಸ್‌ಡಿ ಹಾಕಿಕೊಳ್ಳೋಣ ಅಂದುಕೊಂಡಿರುವವರು ದಯವಿಟ್ಟು ಓದಿ. ಚೆನ್ನಾಗಿ ಓಡುತ್ತಿದ್ದ ಒಂದು ಟಿ480 ಈಚೆಗೆ ರ‍್ಯಾಮ್ ಬದಲಿಸುವಾಗಲೇ ಸತ್ತುಹೋಯಿತು. ಚಾರ್ಜರ್ ತೆಗೆದಿತ್ತು, ಹಿಂದಿನ ಬ್ಯಾಟರಿಯನ್ನೂ ಕಳಚಿಟ್ಟಿತ್ತು. ಆದರೂ ಸ್ಕ್ರೂಡ್ರೈವರ್ ತುದಿ ಬೋರ್ಡಿಗೆ ತಾಗಿ ಸಣ್ಣ ಕಿಡಿ ಹಾರಿತು. ಆಮೇಲೆ ಚಾರ್ಜರ್ ಹಾಕಿದರೂ ಒಂದು ದೀಪವೂ ಹತ್ತಲಿಲ್ಲ.

2018ರ ಈ ಮಾದರಿಗೆ ಎರಡು ಬ್ಯಾಟರಿ. ಹೊರಗೆ ಕಾಣುವ ಹಿಂದಿನದನ್ನು ಕಿತ್ತರೂ, ಕವರಿನೊಳಗಿನ 24 ವ್ಯಾಟ್‌-ಅವರ್‌ ಬ್ಯಾಟರಿ ಬೋರ್ಡಿಗೆ ಕರೆಂಟ್ ಕೊಡುತ್ತಲೇ ಇರುತ್ತದೆ. ಶಟ್‌ಡೌನ್ ಮಾಡಿದ ಮಾತ್ರಕ್ಕೆ ಅದು ನಿಲ್ಲುವುದಿಲ್ಲ.

ಹಾಗಾಗಿ ಮೊದಲು ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ (ಶಟ್‌ಡೌನ್ ಮಾಡಿದರೂ ಪೂರ್ತಿ ಆಫ್ ಆಗಲು ಬಿಡದ ಸೆಟ್ಟಿಂಗ್) ಆಫ್ ಮಾಡಿ. ರೀಸ್ಟಾರ್ಟ್ ಮಾಡುವಾಗ ಎಫ್1 ಒತ್ತಿ, ವಿಂಡೋಸ್‌ಗೂ ಮುಂಚೆ ಬರುವ ಸೆಟ್ಟಿಂಗ್ ಪರದೆಯಾದ ಬಯೋಸ್‌ಗೆ ಹೋಗಿ, ಕಾನ್ಫಿಗ್, ಅದರೊಳಗೆ ಪವರ್, ಅಲ್ಲಿ 'ಡಿಸೇಬಲ್ ಬಿಲ್ಟ್‌-ಇನ್ ಬ್ಯಾಟರಿ' ಆರಿಸಿ ಯೆಸ್ ಕೊಡಿ. ಲ್ಯಾಪ್‌ಟಾಪ್ ತಾನೇ ಆಫ್ ಆಗುತ್ತದೆ. ಚಾರ್ಜರ್, ಹಿಂದಿನ ಬ್ಯಾಟರಿ ಎರಡನ್ನೂ ತೆಗೆದಿಟ್ಟು ಐದು ನಿಮಿಷ ತಣ್ಣಗಾಗಲು ಬಿಡಿ. ಕೆಲಸ ಮುಗಿದು ಕವರ್ ಹಾಕುವ ತನಕ ಚಾರ್ಜರ್ ಚುಚ್ಚಲೇಬೇಡಿ, ಚುಚ್ಚಿದ ಕ್ಷಣ ಒಳಬ್ಯಾಟರಿ ಮತ್ತೆ ಚಾಲೂ ಆಗುತ್ತದೆ.

ಕವರಿನ ಸ್ಕ್ರೂಗಳು ಸಡಿಲವಾಗುತ್ತವೆ, ಕಳಚಿ ಕೈಗೆ ಬರುವುದಿಲ್ಲ. ಬರಲಿಲ್ಲವೆಂದು ಎಳೆದಾಡಿ ತಲೆ ಸವೆಸಬೇಡಿ. ಆಮೇಲೆ ಹಿಂದಿನ ಬ್ಯಾಟರಿ ಇದ್ದ ಜಾಗದ ಅಂಚಿನಿಂದ ಶುರುಮಾಡಿ, ಹಳೆಯ ಎಟಿಎಂ ಕಾರ್ಡ್ ತೂರಿಸಿ ಒಂದೊಂದೇ ಕ್ಲಿಪ್ ಬಿಡಿಸುತ್ತ ಹೋಗಿ. ಕಬ್ಬಿಣದ ಸ್ಕ್ರೂಡ್ರೈವರ್‌ನಿಂದ ಮೀಟಿದರೆ ಕ್ಲಿಪ್ ಮುರಿದು, ಕವರ್ ಮತ್ತೆ ಸರಿಯಾಗಿ ಕೂರುವುದೇ ಇಲ್ಲ.

ಇನ್ನು ದುಡ್ಡು ಹಾಳಾಗುವ ಕಡೆಗಳು. ಟಿ480ಯಲ್ಲಿ ಡಿಡಿಆರ್4 ತಲೆಮಾರಿನ ಎರಡು ರ‍್ಯಾಮ್ ಸ್ಲಾಟ್ ಇವೆ, 260 ಪಿನ್. ಹಳೆಯ ಲ್ಯಾಪ್‌ಟಾಪ್‌ನ ಡಿಡಿಆರ್3ಎಲ್ ಕಡ್ಡಿ ಇದರಲ್ಲಿ ಕೂರುವುದಿಲ್ಲ. 3200 ವೇಗದ ಕಡ್ಡಿ ಹಾಕಿದರೂ 2400ರಲ್ಲೇ ಓಡುತ್ತದೆ, ಹೆಚ್ಚು ಕೊಡಬೇಡಿ. ಹೆಸರಿನಲ್ಲಿ ಒಂದೇ ಅಕ್ಷರ ಹೆಚ್ಚಿರುವ ಟಿ480ಎಸ್ ಬೇರೆಯೇ ಯಂತ್ರ. ಅದರಲ್ಲಿ ಸ್ವಲ್ಪ ರ‍್ಯಾಮ್ ಬೋರ್ಡಿಗೇ ಬೆಸೆದಿದೆ, ಸ್ಲಾಟ್ ಒಂದೇ. "ಎರಡೂ ಒಂದೇ ಸಾರ್" ಅನ್ನುವ ಅಂಗಡಿಯವರ ಮಾತು ನಂಬಿ ಜೋಡಿ ಕಡ್ಡಿ ತಂದವರ ಬಳಿ ಒಂದು ಸುಮ್ಮನೆ ಉಳಿಯುತ್ತದೆ.

ಎಸ್‌ಎಸ್‌ಡಿ ವಿಷಯದಲ್ಲಿ ಮೋಸ ಹೋಗುವವರೇ ಜಾಸ್ತಿ. 2.5 ಇಂಚಿನ ಜಾಗದಲ್ಲಿ ಎನ್‌ವಿಎಂಇ (ತೆಳು ಪಟ್ಟಿಯಂತಿರುವ ವೇಗದ ಎಸ್‌ಎಸ್‌ಡಿ) ಹಾಕಬೇಕಾದರೆ ಈ ಮಾದರಿಗೇ ಹೊಂದುವ ಕ್ಯಾಡಿ (ಅದನ್ನು ಕೂರಿಸುವ ಚೌಕಟ್ಟು) ಬೇಕು, ಅದಿಲ್ಲದೆ ಬರೀ ಎಸ್‌ಎಸ್‌ಡಿ ತಂದು ಪ್ರಯೋಜನವಿಲ್ಲ. ಅಲ್ಲಿ ಸಿಗುವುದು ಪಿಸಿಐಇ 3.0 (ಬೋರ್ಡಿಗೂ ಎಸ್‌ಎಸ್‌ಡಿಗೂ ನಡುವಿನ ಡೇಟಾ ದಾರಿ) ಎರಡೇ ಲೇನ್, ಅಂದರೆ ಸೆಕೆಂಡಿಗೆ 2,000 ಎಂಬಿಗಿಂತ ಕಡಿಮೆ. 3,500 ಎಂಬಿ ವೇಗದ ದುಬಾರಿ ಎಸ್‌ಎಸ್‌ಡಿಗೆ ಕೊಟ್ಟ ಹೆಚ್ಚಿನ ಹಣ ವ್ಯರ್ಥ. ಸಿಮ್ ಮೋಡೆಮ್‌ಗಿರುವ ಚಿಕ್ಕ ಸ್ಲಾಟ್ ಖಾಲಿ ಇದ್ದರೆ ಅಲ್ಲೂ 2242 ಅಳತೆಯ (22 ಮಿ.ಮೀ. ಅಗಲ, 42 ಮಿ.ಮೀ. ಉದ್ದ) ಎನ್‌ವಿಎಂಇ ಕೂರುತ್ತದೆ, ಆದರೆ ಪಿನ್‌ಗಳ ಸಾಲಿನಲ್ಲಿ ಎರಡು ಕಚ್ಚು ಇರುವ ಬಿ+ಎಂ ಮಾದರಿಯದೇ ಆಗಬೇಕು.

ರ‍್ಯಾಮ್ ಓರೆಯಾಗಿ ತೂರಿಸಿ, ಚಿನ್ನದ ಪಿನ್‌ಗಳು ಬಹುತೇಕ ಒಳಹೋಗುವಷ್ಟು ದೂಡಿ, ಆಮೇಲೆ ಕೆಳಕ್ಕೆ ಒತ್ತಿ. ಎರಡೂ ಕಡೆಯ ಕ್ಲಿಪ್ ಟಕ್ ಅನ್ನಬೇಕು. ಮೊದಲ ಸಲ ಆನ್ ಮಾಡಿದಾಗ ಸ್ವಲ್ಪ ಹೊತ್ತು ಸ್ಕ್ರೀನ್ ಕಪ್ಪಗೇ ಇದ್ದರೆ ಹೆದರಿ ಬಟನ್ ಒತ್ತಬೇಡಿ, ಹೊಸ ರ‍್ಯಾಮ್ ಪರೀಕ್ಷೆ ನಡೆಯುತ್ತಿರುತ್ತದೆ. ಬೀಪ್ ಬಂದರೆ ಮಾತ್ರ ಕಡ್ಡಿ ಸರಿಯಾಗಿ ಕೂತಿಲ್ಲವೇನೋ ನೋಡಿ.

ಇನ್ನೂ ಕೊಂಡಿಲ್ಲದವರು ಅಂಗಡಿಯಲ್ಲೇ ಎಫ್1 ಒತ್ತಿ ನೋಡಿ. ಪಾಸ್‌ವರ್ಡ್ ಕೇಳಿದರೆ ಹಣ ಕೊಡಬೇಡಿ. ಕಂಪನಿಗಳು ಹಾಕಿದ ಸೂಪರ್‌ವೈಸರ್ ಪಾಸ್‌ವರ್ಡ್ ಬೋರ್ಡಿನ ಮೇಲಿನ ಚಿಪ್‌ನಲ್ಲಿ ಕೂತಿರುತ್ತದೆ, ಬಟನ್ ಸೆಲ್ ತೆಗೆದಿಟ್ಟರೂ ಅಳಿಯುವುದಿಲ್ಲ.