ಅಣಕು ಸಂಸತ್ತಿನ ಶಿಬಿರ: ಭಾಷಣ ಸಪ್ಪೆ, ಮತದಾನ ಸೊಗಸು

ಹದಿಹರೆಯದವರಿಗಾಗಿ ಏರ್ಪಡಿಸಿದ್ದ ಎರಡು ದಿನಗಳ ಅಣಕು ಸಂಸತ್ತಿನ ಶಿಬಿರವನ್ನು ಪ್ರೇಕ್ಷಕರ ಸಾಲಿನಲ್ಲಿ ಕುಳಿತು ಆದ್ಯಂತ ನೋಡಿದೆ. ಮೊದಲ ದಿನ ನಿರಾಶೆಯೇ ಆಯಿತು; ಬಹುತೇಕರು ಬರೆದು ತಂದ ಭಾಷಣವನ್ನು ಒಪ್ಪಿಸಿ ಕುಳಿತರೇ ಹೊರತು, ಎದುರು ಪಕ್ಷದವರು ಎತ್ತಿದ ಪ್ರಶ್ನೆಗೆ ಉತ್ತರಿಸುವ ಗೋಜಿಗೇ ಹೋಗಲಿಲ್ಲ.

ಮರುದಿನ ಮತದಾನದ ವಯಸ್ಸನ್ನು 18ರಿಂದ 16ಕ್ಕೆ ಇಳಿಸುವ ಮಸೂದೆಯನ್ನು ಕಲಂವಾರು ಕೈಗೆತ್ತಿಕೊಂಡಾಗ ಸದನದ ಕಳೆಯೇ ಬದಲಾಯಿತು. ಪ್ರತಿ ಶಾಲೆಯೂ ಮತದಾರರ ನೋಂದಣಿ ಕೇಂದ್ರವನ್ನು 'ತೆರೆಯತಕ್ಕದ್ದು' ಎಂದಿದ್ದುದನ್ನು 'ತೆರೆಯಬಹುದು' ಎಂದು ಬದಲಿಸಲು ಹುಡುಗಿಯೊಬ್ಬಳು ತಿದ್ದುಪಡಿ ಮಂಡಿಸಿದಳು. ಆ ಒಂದು ಪದಕ್ಕಾಗಿ ಅರ್ಧ ಗಂಟೆ ಬಿರುಸಿನ ವಾದ ನಡೆಯಿತು. ಧ್ವನಿಮತದಲ್ಲಿ ಎರಡೂ ಕಡೆಯ ಕೂಗು ಸಮನಾಗಿ ಕೇಳಿಸಿದ್ದರಿಂದ ಎದ್ದು ನಿಲ್ಲಿಸಿ ತಲೆ ಎಣಿಸಿದರೆ, 21–21. ಸಭಾಧ್ಯಕ್ಷನಾಗಿದ್ದ ಹುಡುಗ ಬೆವರೊರೆಸಿಕೊಳ್ಳುತ್ತ, ಬಹುಮತವಿಲ್ಲದೆ ಬದಲಾವಣೆ ಕೂಡದೆಂದು 1867ರಲ್ಲಿ ಬ್ರಿಟನ್ನಿನ ಸ್ಪೀಕರ್ ಡೆನಿಸನ್ ವಿವರಿಸಿದ ರೂಢಿಯಂತೆ, ತಿದ್ದುಪಡಿಯ ವಿರುದ್ಧ ನಿರ್ಣಾಯಕ ಮತ ಚಲಾಯಿಸಿದ. (ಅವನ ಒಲವು ತಿದ್ದುಪಡಿಯ ಕಡೆಗೇ ಇತ್ತೆಂದು ಆಮೇಲೆ ತಿಳಿಯಿತು.)

ಸಂಘಟಕರ ಬಗ್ಗೆ ಒಂದು ಆಕ್ಷೇಪವಿದೆ: ವಿಷಯವನ್ನಷ್ಟೇ ಮೊದಲೇ ತಿಳಿಸಿ, ಮಸೂದೆಯ ಪ್ರತಿಯನ್ನು ಅಂದಿನ ಬೆಳಿಗ್ಗೆ ಕೈಗಿತ್ತರು. ಓದಲು ವಾರವಾದರೂ ಸಿಕ್ಕಿದ್ದರೆ ಮೊದಲ ದಿನ ಹಾಗೆ ಪೋಲಾಗುತ್ತಿರಲಿಲ್ಲ.